ಆನ್‌ಕಾಲ್ ವಾರವನ್ನು ಮನೆಯ ಜೊತೆ ಹೊಂದಿಸಿಕೊಳ್ಳುವುದು ಹೇಗೆ?

ಕೆಲವು ವರ್ಷದ ಹಿಂದಿನ ಮಾತು. ಏಳು ದಿನದ ಆನ್‌ಕಾಲ್ ಪಾಳಿಯಲ್ಲಿ, ಅಂದರೆ ಸಿಸ್ಟಮ್ ಕೆಟ್ಟರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಗೆ ಸಿಗಬೇಕಾದ ಪಾಳಿಯಲ್ಲಿ, ನನಗೆ ಬಂದಿದ್ದು ಒಂದೇ ಒಂದು ಅಲರ್ಟ್ (ಏನೋ ಕೆಟ್ಟಿದೆ ಅನ್ನುವ ಎಚ್ಚರಿಕೆ), ಅದೂ ಹಗಲು ಹೊತ್ತಿನಲ್ಲಿ. ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ಆದರೂ ವಾರ ಮುಗಿಯುವಷ್ಟರಲ್ಲಿ ಹಿಂಡಿ ಹಾಕಿದ ಹಾಗಾಗಿತ್ತು. ಸ್ನಾನಕ್ಕೆ ಹೋಗುವಾಗಲೂ ಫೋನ್ ಒಯ್ದಿದ್ದೆ. ಪಾರ್ಕಿನಲ್ಲಿ ಮಗಳು ಜಾರುಬಂಡೆ ಹತ್ತಿ "ಅಪ್ಪಾ, ನೋಡು" ಅಂತ ಕೂಗಿದಾಗ ನಾನು ಸಿಗ್ನಲ್ ಇದೆಯಾ ಅಂತ ನೋಡುತ್ತಿದ್ದೆ. ಕೆಲಸ ಮಾಡಿದ್ದು ಅರ್ಧ ಗಂಟೆ, ಕಾದಿದ್ದು 168 ಗಂಟೆ.

ಸರ್ವರ್, ನೆಟ್‌ವರ್ಕ್, ಡೇಟಾಬೇಸ್ ನೋಡಿಕೊಳ್ಳುವವರಿಗೆ, ತಾವು ಬರೆದ ಕೋಡನ್ನು ತಾವೇ ಕಾಯುವ ಡೆವಲಪರುಗಳಿಗೆ ಇದು ಹೊಸದಲ್ಲ. 2016ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ 132 ನೌಕರರನ್ನು ಕರೆಗೆ ಸಿಗಲೇಬೇಕಾದ ದಿನಗಳಲ್ಲೂ ಪೂರ್ತಿ ಬಿಡುವಿನ ದಿನಗಳಲ್ಲೂ ಗಮನಿಸಿದರು. ಕರೆಗೆ ಸಿಗಬೇಕಾದ ದಿನಗಳಲ್ಲಿ ಬೆಳಿಗ್ಗೆ ಏಳುವಾಗಲೇ ಅವರ ಮನಸ್ಸು ಕುಗ್ಗಿರುತ್ತಿತ್ತು. ಅವರಲ್ಲಿ ಒಂದಷ್ಟು ಜನರ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನ್ ಅಳೆದಾಗ ಅದರಲ್ಲೂ ವ್ಯತ್ಯಾಸ ಕಂಡಿತು.

ಹಾಗಾಗಿ ಸುಸ್ತು ಮಾಡುವುದು ಕರೆಗಿಂತ ಜಾಸ್ತಿ ಕಾಯುವಿಕೆ. ಈ ಕಾಯುವಿಕೆಯನ್ನು ಹೇಗೆ ಚಿಕ್ಕದು ಮಾಡಬಹುದು ಅಂತ ನಾನು ಕಲಿತದ್ದನ್ನು, ನೀವು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

1. ಎಷ್ಟು ನಿಮಿಷ ಅಂತ ಬರಹದಲ್ಲಿ ಕೇಳಿ ಪಡೆಯಿರಿ

"ಆನ್‌ಕಾಲ್ ಇದ್ದೀಯಾ, ಸ್ವಲ್ಪ ನೋಡ್ಕೋ" ಅನ್ನುವುದು ನಿಯಮ ಅಲ್ಲ. ಅದರಲ್ಲಿ ನಿಮಗೆ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅನ್ನುವುದೇ ತಿಳಿಯುವುದಿಲ್ಲ. ತಿಳಿಯದಿದ್ದರೆ ಎಲ್ಲಿಗೂ ಹೋಗುವುದಿಲ್ಲ, ಅಷ್ಟೇ.

ಮ್ಯಾನೇಜರ್ ಹತ್ತಿರ ಈ ಪ್ರಶ್ನೆಗಳಿಗೆ ಉತ್ತರ ತೆಗೆದುಕೊಳ್ಳಿ. ಅಲರ್ಟ್ ಬಂದ ಎಷ್ಟು ನಿಮಿಷದಲ್ಲಿ ಅದನ್ನು ಅಕ್ನಾಲೆಡ್ಜ್ ಮಾಡಬೇಕು, ಅಂದರೆ ನೋಡಿದ್ದೇನೆ ಅಂತ ಫೋನ್‌ನಲ್ಲಿ ಒತ್ತಬೇಕು? ಎಷ್ಟು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಬೇಕು? ಯಾವ ಸಿಸ್ಟಮ್ ಕೆಟ್ಟರೆ ರಾತ್ರಿ ಏಳಬೇಕು, ಯಾವುದು ಬೆಳಗಿನವರೆಗೆ ಕಾಯಬಹುದು? ನಾನು ಸಿಗದಿದ್ದರೆ ಮುಂದೆ ಯಾರಿಗೆ ಕರೆ ಹೋಗುತ್ತದೆ?

ಮೊದಲ ಎರಡನ್ನು ಬೇರೆ ಬೇರೆಯಾಗಿ ಕೇಳುವುದು ತುಂಬಾ ಮುಖ್ಯ. "5 ನಿಮಿಷದಲ್ಲಿ ಫೋನ್ ಒತ್ತಬೇಕು, 30 ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು" ಅಂತಾದರೆ ನೀವು ವಾಕಿಂಗ್ ಹೋಗಬಹುದು, ಮಗುವನ್ನು ಶಾಲೆಯಿಂದ ಕರೆತರಬಹುದು, ಹತ್ತಿರದ ಗೆಳೆಯರ ಮನೆಗೆ ಹೋಗಿಬರಬಹುದು. ಎರಡೂ 5 ನಿಮಿಷ ಅಂತಾದರೆ ನೀವು ಮನೆಯಲ್ಲಿ ಕಟ್ಟಿಹಾಕಿದ ಹಾಗೆ. ಸಂಬಳದ ಚೀಟಿಯಲ್ಲಿ ಈ ಎರಡೂ ಒಂದೇ ಥರ ಕಾಣಬಹುದು. ಬದುಕಿನಲ್ಲಿ ಖಂಡಿತ ಒಂದೇ ಅಲ್ಲ.

ಆ ನಿಮಿಷ ಎಲ್ಲಿಂದ ಬಂತು ಅಂತಲೂ ಕೇಳಿ. ಒಂದು ಸೇವೆ 99.9% ಹೊತ್ತು ನಡೆಯಬೇಕು ಅಂದರೆ, 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ಕೆಟ್ಟಿದ್ದರೆ ನಡೆಯುತ್ತದೆ. ಅಲ್ಲಿ ಮನುಷ್ಯ ಹದಿನೈದು ನಿಮಿಷದಲ್ಲಿ ಬರುವುದಕ್ಕೆ ಅರ್ಥ ಇದೆ. 99.99% ಅಂದರೆ ತಿಂಗಳಿಗೆ ಸಿಗುವುದು ನಾಲ್ಕೂ ಚಿಲ್ಲರೆ ನಿಮಿಷ. ಎದ್ದು, ಕನ್ನಡಕ ಹುಡುಕಿ, ಪಾಸ್‌ವರ್ಡ್ ಹಾಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಅಂಥ ಕಡೆ ಬೇಕಾಗಿರುವುದು ತಾನಾಗಿಯೇ ಇನ್ನೊಂದು ಸರ್ವರಿಗೆ ಹೊರಳುವ ವ್ಯವಸ್ಥೆ. ನಿಮ್ಮನ್ನು ಇನ್ನಷ್ಟು ಬೇಗ ಎಬ್ಬಿಸಿದರೆ ಆ ಗುರಿ ಮುಟ್ಟುವುದಿಲ್ಲ. ಇನ್ನು ಆಫೀಸಿನವರು ಹಗಲು ಮಾತ್ರ ಬಳಸುವ ಒಳಗಿನ ಟೂಲ್‌ಗೆ ರಾತ್ರಿ ಪಾಳಿ ಯಾಕೆ ಬೇಕು? ಈ ಪ್ರಶ್ನೆ ಕೇಳಿದ್ದಕ್ಕೇ ನಮ್ಮ ತಂಡದಲ್ಲಿ ಎರಡು ಸಿಸ್ಟಮ್‌ಗಳು ರಾತ್ರಿಯ ಪಟ್ಟಿಯಿಂದ ಹೊರಗೆ ಹೋದವು. ಅಲ್ಲಿವರೆಗೆ ಯಾರೂ ಕೇಳಿರಲೇ ಇಲ್ಲ.

ಕಾಯುವ ಹೊತ್ತು ಕೆಲಸದ ಹೊತ್ತೇ ಅನ್ನುವ ಪ್ರಶ್ನೆ ಕೋರ್ಟಿಗೂ ಹೋಗಿದೆ. ಬೆಲ್ಜಿಯಂನ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಕರೆ ಬಂದ 8 ನಿಮಿಷದಲ್ಲಿ ಠಾಣೆಗೆ ತಲುಪಬೇಕಿತ್ತು. ಮನೆಯಲ್ಲಿದ್ದರೂ ಅದು ಕೆಲಸದ ಹೊತ್ತೇ ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರಲ್ಲಿ ಹೇಳಿತು. 2021ರಲ್ಲಿ ಸ್ಲೊವೇನಿಯಾದ ಟಿವಿ ಪ್ರಸಾರ ಕೇಂದ್ರದ ಒಬ್ಬ ತಂತ್ರಜ್ಞರ ಪ್ರಕರಣ ಬಂತು. ಅವರಿಗೆ ಒಂದು ಗಂಟೆ ಸಮಯ ಇತ್ತು. ಆಗ ನ್ಯಾಯಾಲಯ ಮುಖ್ಯವಾಗಿ ನೋಡಬೇಕು ಅಂದಿದ್ದು ಎರಡು ವಿಷಯ: ಬರಲು ಎಷ್ಟು ಸಮಯ ಕೊಟ್ಟಿದ್ದಾರೆ, ಸಾಮಾನ್ಯವಾಗಿ ಎಷ್ಟು ಸಲ ಕರೆಯುತ್ತಾರೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಒಪ್ಪಂದ ಓದಿ ನೋಡಿ. ಆದರೆ ನಿಮ್ಮ ತಂಡದಲ್ಲಿ ಮಾತಾಡುವಾಗಲೂ ಈ ಎರಡು ಸಂಖ್ಯೆಗಳನ್ನೇ ಮುಂದಿಡಿ.

2. ಪಾಳಿಯ ಪಟ್ಟಿ ಎಲ್ಲರಿಗೂ ಮೊದಲೇ ಕಾಣಲಿ

ಮುಂದಿನ ಎರಡು ಮೂರು ತಿಂಗಳ ಪಟ್ಟಿ ಈಗಲೇ ಹಾಕಿಸಿ. ಮದುವೆ, ಪರೀಕ್ಷೆ, ಆಸ್ಪತ್ರೆ, ಪ್ರಯಾಣ ಯಾವುದೇ ಇರಲಿ, ಮೊದಲೇ ಗೊತ್ತಿದ್ದರೆ ಸಹೋದ್ಯೋಗಿಗಳ ಜೊತೆ ವಾರ ಅದಲುಬದಲು ಮಾಡಿಕೊಳ್ಳುವುದು ಸುಲಭ. ಹಿಂದಿನ ದಿನ ಕೇಳಿದರೆ ಎಲ್ಲರಿಗೂ ಮುಜುಗರ.

ಪಾಳಿ ಬದಲಾಗುವ ದಿನ ಶುಕ್ರವಾರ ಸಂಜೆ ಬೇಡ. ಮಂಗಳವಾರವೋ ಬುಧವಾರವೋ ಹಗಲು ಹೊತ್ತಿನಲ್ಲಿ ಆಗಲಿ. ಎಲ್ಲರೂ ಕೆಲಸದಲ್ಲಿರುತ್ತಾರೆ, ಹಳೆಯ ಸಮಸ್ಯೆ ಹೊಸಬರಿಗೆ ಸರಿಯಾಗಿ ದಾಟುತ್ತದೆ.

ಎಷ್ಟು ಜನ ಬೇಕು? ಗೂಗಲ್‌ನ ಎಸ್‌ಆರ್‌ಇ ತಂಡಗಳು, ಅಂದರೆ ಸೇವೆಗಳು ನಿಲ್ಲದ ಹಾಗೆ ನೋಡಿಕೊಳ್ಳುವ ಎಂಜಿನಿಯರುಗಳ ತಂಡಗಳು, 2016ರಲ್ಲಿ ಹೊರಗೆ ಹೇಳಿದ ಲೆಕ್ಕ ಹೀಗಿದೆ. ವಾರದ ಪಾಳಿ, ಒಬ್ಬರು ಪ್ರೈಮರಿ (ಮೊದಲ ಕರೆ ಹೋಗುವವರು) ಒಬ್ಬರು ಸೆಕೆಂಡರಿ (ಅವರ ಬೆನ್ನಿಗೆ ಇರುವವರು) ಅಂತಿದ್ದರೆ, ಒಂದೇ ಊರಿನ ತಂಡದಲ್ಲಿ ಕನಿಷ್ಠ 8 ಜನ ಇರಬೇಕು. ಆಗ ಒಬ್ಬರಿಗೆ ತಿಂಗಳಿಗೆ ಸುಮಾರು ಒಂದು ವಾರ ಬರುತ್ತದೆ. ಎರಡು ಕಾಲವಲಯಗಳಲ್ಲಿ ತಂಡ ಇದ್ದರೆ ಒಂದೊಂದು ಕಡೆ 6 ಜನ. ಒಂದು ಸಮಸ್ಯೆಯನ್ನು ಸರಿಪಡಿಸಿ, ಕಾರಣ ಹುಡುಕಿ, ವರದಿ ಬರೆದು ಮುಗಿಸುವುದಕ್ಕೆ ಸರಾಸರಿ 6 ಗಂಟೆ ಹಿಡಿಯುತ್ತದೆ, ಹಾಗಾಗಿ 12 ಗಂಟೆಯ ಪಾಳಿಗೆ 2ಕ್ಕಿಂತ ಜಾಸ್ತಿ ಬರಬಾರದು ಅಂತಲೂ ಅವರು ಹೇಳಿದ್ದರು.

ನಿಮ್ಮ ತಂಡದಲ್ಲಿ ಮೂರೇ ಜನ ಇರಬಹುದು. ಎಷ್ಟೋ ಕಡೆ ಹಾಗೇ ಇದೆ. ಆಗ ವಾರವನ್ನು ಒಡೆಯಿರಿ: ಸೋಮವಾರದಿಂದ ಗುರುವಾರದವರೆಗೆ ಒಬ್ಬರು, ಶುಕ್ರವಾರದಿಂದ ಭಾನುವಾರದವರೆಗೆ ಇನ್ನೊಬ್ಬರು. ರಾತ್ರಿ ಎಬ್ಬಿಸುವ ಅಲರ್ಟ್‌ಗಳ ಪಟ್ಟಿಯನ್ನು ತೀರಾ ಚಿಕ್ಕದು ಮಾಡಿ. ಮೂರು ಜನರಿಂದ ಎಂಟು ಜನರ ಕೆಲಸ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ.

3. ಮನೆಯವರ ಜೊತೆ ಮೊದಲೇ ಕೂತು ಮಾತಾಡಿ

ನನ್ನ ಮಗಳು ಇದಕ್ಕೆ "ಫೋನ್ ವಾರ" ಅಂತ ಹೆಸರಿಟ್ಟಿದ್ದಾಳೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ಪಾಳಿಯ ದಿನಗಳ ಸುತ್ತ ಕೆಂಪು ಗೆರೆ ಎಳೆಯುವುದು ಅವಳ ಕೆಲಸ. ಆ ಗೆರೆ ಬಂದ ಮೇಲೆ ಮನೆಯಲ್ಲಿ ಜಗಳ ಎಷ್ಟೋ ಕಡಿಮೆಯಾಯಿತು. ಮೊದಲು ಕರೆ ಬಂದಾಗೆಲ್ಲ ನಾನು ಮಾತು ತಪ್ಪಿದ ಹಾಗೆ ಕಾಣುತ್ತಿತ್ತು. ಈಗ ಆ ವಾರ ನಾನು ಕೊಡುವ ಮಾತೇ ಬೇರೆ. "ಕರ್ಕೊಂಡು ಹೋಗ್ತೀನಿ" ಅನ್ನುವುದಿಲ್ಲ. "ಕರೆ ಬರದಿದ್ದರೆ ನಾನು, ಬಂದರೆ ಅಮ್ಮ ಕರ್ಕೊಂಡು ಹೋಗ್ತಾಳೆ" ಅನ್ನುತ್ತೇನೆ. ಮಗುವಿಗೆ ಅಷ್ಟು ಗೊತ್ತಿದ್ದರೆ ಸಾಕು.

ಪಾಳಿ ಶುರುವಾಗುವ ಮುಂಚೆ ಹತ್ತು ನಿಮಿಷ ಕೂತು ಇಷ್ಟು ತೀರ್ಮಾನ ಮಾಡಿಕೊಳ್ಳಿ. ಕರೆ ಬಂದರೆ ಮಗುವನ್ನು, ವಯಸ್ಸಾದವರನ್ನು, ಒಲೆ ಮೇಲಿರುವುದನ್ನು ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ನೀವು ಎಲ್ಲಿ ಮಲಗುತ್ತೀರಿ? ಜೊತೆಗೆ ಮಲಗುವವರಿಗೂ ಮರುದಿನ ಕೆಲಸ ಇರುತ್ತದೆ, ಅಲ್ವಾ? ಅವರ ನಿದ್ದೆಯ ಬಗ್ಗೆ ಕೇಳದೆ ಇದ್ದದ್ದು ನಾನು ಮಾಡಿದ ದೊಡ್ಡ ತಪ್ಪು. ಕೊನೆಗೆ ಪಾಳಿಯ ವಾರ ನಾನು ಹೊರಗಿನ ಕೋಣೆಯಲ್ಲಿ ಮಲಗುವುದು ಅಂತಾಯಿತು. ಒಬ್ಬರೇ ಇರುವವರಾದರೆ ಪಕ್ಕದ ಮನೆಯವರನ್ನೋ ಗೆಳೆಯರನ್ನೋ ಒಬ್ಬರನ್ನು ಹೇಳಿ ಇಟ್ಟುಕೊಳ್ಳಿ. ನಾಯಿಗೆ ಊಟ ಹಾಕುವಂಥ ಚಿಕ್ಕ ಕೆಲಸಕ್ಕಾದರೂ ಆಗುತ್ತದೆ.

ವಾರ ಪೂರ್ತಿ ಖಾಲಿ ಇಟ್ಟುಕೊಂಡು ಸುಮ್ನೆ ಕೂರಬೇಡಿ. ಕಾಯುವಿಕೆ ಬೆಳೆಯುವುದೇ ಖಾಲಿ ಹೊತ್ತಿನಲ್ಲಿ. ನಡುವೆ ನಿಲ್ಲಿಸಬಹುದಾದ ಕೆಲಸ ಹಾಕಿಕೊಳ್ಳಿ: ಓದು, ಗಿಡದ ಕೆಲಸ, ಮನೆಯಲ್ಲೇ ವ್ಯಾಯಾಮ, ಗೆಳೆಯರನ್ನು ನಿಮ್ಮ ಮನೆಗೇ ಕರೆಯುವುದು. ಮದ್ಯಪಾನ ಮಾತ್ರ ಪಾಳಿ ಮುಗಿಯುವವರೆಗೆ ಬೇಡ.

4. ಎರಡು ಗಂಟೆ ಸಾಲ ಕೇಳಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದಕ್ಕಿಂತ ಉಪಯೋಗದ ಮಾತಿಲ್ಲ. ಆನ್‌ಕಾಲ್ ಟೂಲ್‌ಗಳಲ್ಲೆಲ್ಲ ಸಾಮಾನ್ಯವಾಗಿ ಓವರ್‌ರೈಡ್ ಅಂತ ಒಂದು ಸೌಲಭ್ಯ ಇರುತ್ತದೆ. ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಕರೆ ಬೇರೆಯವರಿಗೆ ಹೋಗಲಿ ಅಂತ ಹಾಕಬಹುದು. ಎಷ್ಟೋ ಜನ ಇದನ್ನು ರಜೆಗೆ ಮಾತ್ರ ಬಳಸುತ್ತಾರೆ. ಚಿಕ್ಕ ಹೊತ್ತಿಗೂ ಬಳಸಿ.

ಶಾಲೆಯ ನಾಟಕದಲ್ಲಿ ಮಗಳಿಗೆ ಮರದ ಪಾತ್ರ. ಮಾತು ಒಂದೇ ಸಾಲು. ಅವತ್ತು ನನ್ನ ಪಾಳಿ. ಸಹೋದ್ಯೋಗಿಗೆ ಮೆಸೇಜ್ ಹಾಕಿದೆ: "ಗುರುವಾರ ಸಂಜೆ 5ರಿಂದ 7 ಫೋನ್ ಹಿಡ್ಕೋತೀಯಾ? ಮಗಳ ನಾಟಕ. ಭಾನುವಾರ ಬೆಳಿಗ್ಗೆ ನಿಂದು ನಾನು ಹಿಡ್ಕೋತೀನಿ." ಒಂದೇ ನಿಮಿಷದಲ್ಲಿ "ಆಯ್ತು, ಹೋಗ್ಬಾ" ಅಂತ ಉತ್ತರ ಬಂತು. ಲ್ಯಾಪ್‌ಟಾಪ್ ಬ್ಯಾಗ್ ಮನೆಯಲ್ಲೇ ಬಿಟ್ಟು ಹೋದೆ. ಅವಳು ಎರಡೂ ಕೈ ಮೇಲೆತ್ತಿ ಅಲುಗಾಡದೆ ನಿಂತಿದ್ದು, ಮೂಗು ತುರಿಸಿದರೂ ಕೈ ಇಳಿಸದೆ ಇದ್ದದ್ದು ಎಲ್ಲ ನೋಡಿದೆ. ಫೋನ್ ಜೇಬಿನಲ್ಲಿ ಇದ್ದಿದ್ದರೆ ಅರ್ಧವೂ ಕಾಣುತ್ತಿರಲಿಲ್ಲ.

ಕೇಳಲು ಸಂಕೋಚ ಆಗುತ್ತದೆ, ನಿಜ. ಅದಕ್ಕೆ ಮೊದಲು ನೀವೇ ಬೇರೆಯವರಿಗೆ ಹಿಡಿದುಕೊಡಿ. "ವ್ಯಾಯಾಮಕ್ಕೆ ಹೋಗುವುದಿದ್ದರೆ ಹೇಳು, ಒಂದು ಗಂಟೆ ನಾನು ನೋಡ್ಕೋತೀನಿ" ಅಂತ ಎರಡು ಸಲ ಹೇಳಿದರೆ ತಂಡದಲ್ಲಿ ಅದೇ ರೂಢಿಯಾಗುತ್ತದೆ.

5. ಫೋನನ್ನು ಪಾಳಿಗೆ ತಕ್ಕ ಹಾಗೆ ಮಾಡಿ

ಅಲರ್ಟಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ರಿಂಗ್‌ಟೋನ್ ಇಡಿ. ಆಫೀಸಿನ ಚಾಟ್, ಇಮೇಲ್ ನೋಟಿಫಿಕೇಶನ್‌ಗಳನ್ನು ಸಂಜೆಯಿಂದ ಬೆಳಿಗ್ಗೆವರೆಗೆ ಮುಚ್ಚಿಬಿಡಿ. ನಿಮಗೆ ನಿಜವಾಗಿ ಏನಾದರೂ ಬಂದರೆ ಆ ಒಂದು ಸದ್ದು ಬಂದೇ ಬರುತ್ತದೆ ಅನ್ನುವ ನಂಬಿಕೆ ಬಂದ ಮೇಲೆ ಫೋನ್ ತೆಗೆದು ತೆಗೆದು ನೋಡುವುದು ತಾನಾಗಿ ನಿಲ್ಲುತ್ತದೆ.

ಡು ನಾಟ್ ಡಿಸ್ಟರ್ಬ್ ಹಾಕಿ, ಆನ್‌ಕಾಲ್ ಆ್ಯಪಿಗೂ ಅದರ ಫೋನ್ ನಂಬರಿಗೂ ಮಾತ್ರ ಅನುಮತಿ ಕೊಡಿ. ಒಂದು ಸೂಕ್ಷ್ಮ ಇದೆ. ಅದೇ ನಂಬರಿನಿಂದ ಮತ್ತೆ ಕರೆ ಬಂದರೆ ಸದ್ದು ಮಾಡಲು ಬಿಡುವ ಸೌಲಭ್ಯ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಇದೆ. ಆಂಡ್ರಾಯ್ಡ್‌ನಲ್ಲಿ ಎರಡನೇ ಕರೆ 15 ನಿಮಿಷದೊಳಗೆ ಬರಬೇಕು, ಐಫೋನ್‌ನಲ್ಲಿ 3 ನಿಮಿಷದೊಳಗೆ. ನಿಮ್ಮ ಟೂಲ್ 5 ನಿಮಿಷಕ್ಕೊಮ್ಮೆ ಕರೆ ಮಾಡುತ್ತಿದ್ದರೆ ಐಫೋನ್‌ನಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಆ ನಂಬರಿಗೇ ತುರ್ತು ಅನುಮತಿ ಕೊಟ್ಟುಬಿಡಿ. ಪಾಳಿಯ ಮೊದಲ ದಿನ ಒಂದು ಟೆಸ್ಟ್ ಅಲರ್ಟ್ ಕಳಿಸಿ ನೋಡಿ.

ಒಂದು ಬ್ಯಾಗು ತಯಾರಿರಲಿ: ಲ್ಯಾಪ್‌ಟಾಪ್, ಎರಡು ಚಾರ್ಜರ್, ಲಾಗಿನ್ನಿಗೆ ಬೇಕಾದ ಟೋಕನ್. ಫೋನಿನ ಹಾಟ್‌ಸ್ಪಾಟ್‌ನಿಂದ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ) ಸೇರುತ್ತದಾ ಅಂತ ಹಗಲಲ್ಲೇ ಪರೀಕ್ಷೆ ಮಾಡಿ.

6. ರಾತ್ರಿ ಎದ್ದಾಗ

ಗಾಢ ನಿದ್ದೆಯಿಂದ ಎದ್ದ ತಕ್ಷಣ ಮೆದುಳು ಪೂರ್ತಿ ಎದ್ದಿರುವುದಿಲ್ಲ. ಆ ಮಂಪರು ಸಾಮಾನ್ಯವಾಗಿ 15ರಿಂದ 30 ನಿಮಿಷ, ಕೆಲವೊಮ್ಮೆ ಒಂದು ಗಂಟೆವರೆಗೂ ಇರುತ್ತದೆ. ಹಾಗಾಗಿ ಹಾಸಿಗೆಯಲ್ಲಿ ಮಲಗಿಕೊಂಡೇ ಕಮಾಂಡ್ ಟೈಪ್ ಮಾಡಬೇಡಿ. ಅಕ್ನಾಲೆಡ್ಜ್ ಮಾಡಿ, ಎದ್ದು ದೀಪ ಹಾಕಿ, ಮುಖಕ್ಕೆ ನೀರು ಹಾಕಿ, ಮೇಜಿನ ಮುಂದೆ ಕೂರಿ. ಏನು ಕಾಣುತ್ತಿದೆ ಅಂತ ಒಂದು ಸಾಲು ಬರೆಯಿರಿ. ಆಮೇಲೆ ರನ್‌ಬುಕ್, ಅಂದರೆ ಏನು ಕೆಟ್ಟರೆ ಏನು ಮಾಡಬೇಕು ಅಂತ ಬರೆದಿಟ್ಟ ಕೈಪಿಡಿ, ತೆರೆಯಿರಿ. ಏನನ್ನಾದರೂ ಅಳಿಸುವ ಕಮಾಂಡ್ ಇದ್ದರೆ ಎಂಟರ್ ಒತ್ತುವ ಮುಂಚೆ ಬಾಯಿಬಿಟ್ಟು ಓದಿ, ಯಾವ ಸರ್ವರಿನಲ್ಲಿ ಇದ್ದೀರಿ ಅನ್ನುವುದನ್ನೂ ಸೇರಿಸಿ.

ರಾತ್ರಿ ಬೆಂಕಿ ಆರಿಸಿ, ಯಾಕೆ ಹತ್ತಿತು ಅಂತ ಬೆಳಿಗ್ಗೆ ನೋಡಿ. ಸಂಜೆ ಹಾಕಿದ ಹೊಸ ಬದಲಾವಣೆಯಿಂದ ಕೆಟ್ಟಿದ್ದರೆ ಹಿಂದಿನ ಆವೃತ್ತಿಗೆ ಮರಳಿಸಿ ಮಲಗಿ. ಅರ್ಧ ಗಂಟೆಯಾದರೂ ಒಂದು ಹೆಜ್ಜೆ ಮುಂದೆ ಹೋಗದಿದ್ದರೆ ಸೆಕೆಂಡರಿಯನ್ನು ಎಬ್ಬಿಸಿ. "ಪಾಪ, ಮಲಗಿರುತ್ತಾರೆ" ಅಂದುಕೊಂಡು ಬೆಳಗಿನ ಜಾವ ಐದರವರೆಗೆ ಒಬ್ಬನೇ ಒದ್ದಾಡಿದ್ದೇನೆ. ಮರುದಿನ ಆ ಸಹೋದ್ಯೋಗಿ "ನನಗೆ ಗೊತ್ತಿತ್ತು ಅದು, ಯಾಕೆ ಎಬ್ಬಿಸಲಿಲ್ಲ?" ಅಂದರು. ಕಾಫಿ ಕುಡಿಯುವ ಮುಂಚೆ ಯೋಚಿಸಿ. ಅದರಲ್ಲಿನ ಕೆಫೀನ್‌ನ ಅರ್ಧ ಭಾಗ ಐದಾರು ಗಂಟೆಯಾದರೂ ಮೈಯಲ್ಲೇ ಉಳಿದಿರುತ್ತದೆ.

ಮಲಗುವ ಮುಂಚೆಯೇ ಬೆಳಗಿನ ಮೆಸೇಜ್ ಕಳಿಸಿಬಿಡಿ: "ರಾತ್ರಿ 2:40ರಿಂದ 4:10ರವರೆಗೆ ಎದ್ದಿದ್ದೆ. ಈಗ ಸರಿಯಾಗಿದೆ. ನಾಳೆ 11:30ಕ್ಕೆ ಬರುತ್ತೇನೆ, 10ರ ಮೀಟಿಂಗ್‌ಗೆ ಇರುವುದಿಲ್ಲ." ಇದು ಅಪ್ಪಣೆ ಕೇಳುವುದಲ್ಲ, ತಿಳಿಸುವುದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 24 ಗಂಟೆಗೆ ಸತತ 11 ಗಂಟೆ ವಿಶ್ರಾಂತಿ ಅಂತಿದೆ. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೂ ತಂಡದಲ್ಲಿ ಮಾಡಿಕೊಳ್ಳಬಹುದು. ನಿದ್ದೆಗೆಟ್ಟ ಬೆಳಿಗ್ಗೆ ಗಾಡಿ ಓಡಿಸಬೇಡಿ, ದಯವಿಟ್ಟು.

7. ಕರೆಗಳನ್ನೇ ಕಡಿಮೆ ಮಾಡಿ

ಮೇಲಿನದೆಲ್ಲ ಹೊಂದಿಕೊಳ್ಳುವ ದಾರಿ. ನಿಜವಾದ ಬಿಡುಗಡೆ ಇರುವುದು ಇಲ್ಲಿ.

ಪಾಳಿಯಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಅಲರ್ಟಿಗೂ ಒಂದು ಸಾಲು: ಎಷ್ಟು ಗಂಟೆಗೆ ಬಂತು, ನಾನು ಏನು ಮಾಡಿದೆ, ಬೆಳಗಿನವರೆಗೆ ಕಾಯಬಹುದಿತ್ತಾ? ನಾನು ಹೀಗೆ ಬರೆಯಲು ಶುರು ಮಾಡಿದ ಮೊದಲ ತಿಂಗಳು, "ಏನು ಮಾಡಿದೆ" ಅನ್ನುವ ಜಾಗದಲ್ಲಿ ಮತ್ತೆ ಮತ್ತೆ ಬಂದದ್ದು "ಏನೂ ಇಲ್ಲ, ತಾನಾಗಿ ಸರಿಯಾಯಿತು". ಏನೂ ಮಾಡಬೇಕಿಲ್ಲದ ವಿಷಯಕ್ಕೆ ಮನುಷ್ಯನನ್ನು ಯಾಕೆ ಎಬ್ಬಿಸಬೇಕು?

ಒಂದು ಉದಾಹರಣೆ ಹತ್ತಿರದಿಂದ ನೋಡಿ. "ಡಿಸ್ಕ್ 80% ತುಂಬಿದೆ" ಅನ್ನುವ ಅಲರ್ಟ್ ನಮ್ಮನ್ನು ಎಷ್ಟು ಸಲ ಎಬ್ಬಿಸಿತ್ತೋ ಲೆಕ್ಕ ಇಲ್ಲ. ಆರು ತಿಂಗಳಿಂದ 82%ನಲ್ಲೇ ನಿಂತಿರುವ ಡಿಸ್ಕ್‌ನಿಂದ ರಾತ್ರಿ ಯಾವ ತೊಂದರೆಯೂ ಇಲ್ಲ. ಒಂದೇ ಗಂಟೆಯಲ್ಲಿ 40ರಿಂದ 70ಕ್ಕೆ ಏರಿದ ಡಿಸ್ಕ್ ನಿಜವಾದ ಅಪಾಯ, ಆದರೆ ಅದಕ್ಕೆ ಹಳೆಯ ಅಲರ್ಟ್ ಇನ್ನೂ ಸುಮ್ಮನಿರುತ್ತದೆ. ಹಾಗಾಗಿ "ಎಷ್ಟು ತುಂಬಿದೆ" ಅನ್ನುವ ಬದಲು "ಈ ವೇಗದಲ್ಲಿ ಹೋದರೆ ನಾಲ್ಕು ಗಂಟೆಯೊಳಗೆ ತುಂಬುತ್ತದಾ" ಅಂತ ಕೇಳುವ ಹಾಗೆ ಬದಲಿಸಿದೆವು. ಸಿಸ್ಟಮ್‌ಗಳನ್ನು ಅಳೆದು ಅಲರ್ಟ್ ಕಳಿಸುವ ಪ್ರೊಮೀಥಿಯಸ್ ಅನ್ನುವ ಟೂಲ್‌ನಲ್ಲಿ ಹೀಗೆ ಮುಂದಿನ ಅಂದಾಜು ಹಾಕುವ ಫಂಕ್ಷನ್ ಸಿದ್ಧವಾಗಿಯೇ ಇದೆ. ಉಳಿದದ್ದಕ್ಕೆ ಹಗಲು ನೋಡುವ ಟಿಕೆಟ್. ಜೊತೆಗೆ ಹಳೆಯ ಲಾಗ್‌ಗಳನ್ನು (ಸಿಸ್ಟಮ್ ಬರೆದಿಡುವ ದಾಖಲೆಗಳನ್ನು) ತಾನಾಗಿ ಅಳಿಸುವ ವ್ಯವಸ್ಥೆ ಹಾಕಿದೆವು. ಅರ್ಧ ದಿನದ ಕೆಲಸ. ಅದಾದ ಮೇಲೆ ಆ ಡಿಸ್ಕ್ ನನ್ನನ್ನು ರಾತ್ರಿ ಎಬ್ಬಿಸಿಲ್ಲ.

ಸಿಪಿಯು 90% ಅನ್ನುವುದೂ ಇದೇ ಜಾತಿ. ಬಳಸುವವರಿಗೆ ಪುಟ ತೆರೆಯುತ್ತಿದೆಯಾ, ಹಣ ಪಾವತಿ ಆಗುತ್ತಿದೆಯಾ? ಅದನ್ನು ಅಳೆದು, ಅದು ಕೆಟ್ಟಾಗ ಮಾತ್ರ ಎಬ್ಬಿಸಿ. ಒಂದು ಕ್ಷಣ ಏರಿ ಇಳಿಯುವುದಕ್ಕೆ ಕರೆ ಬರದ ಹಾಗೆ, ಐದು ನಿಮಿಷ ಹಾಗೇ ಇದ್ದರೆ ಮಾತ್ರ ಅಂತ ಷರತ್ತು ಹಾಕಿ.

ವೆಬ್‌ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟ್‌ನ ಅವಧಿ ಮುಗಿದು ರಾತ್ರಿ ಏಳುವುದಂತೂ ಪೂರ್ತಿ ತಪ್ಪಿಸಬಹುದಾದದ್ದು. ಯಾವತ್ತು ಮುಗಿಯುತ್ತದೆ ಅನ್ನುವುದು ಅದರಲ್ಲೇ ಬರೆದಿರುತ್ತದೆ. ವೆಬ್‌ಸೈಟ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್‌ನಿಂದ 200 ದಿನ, 2027ರಿಂದ 100 ದಿನ, 2029ರಿಂದ 47 ದಿನ ಅಂತ ತೀರ್ಮಾನವಾಗಿದೆ. ಕೈಯಿಂದ ನವೀಕರಿಸುತ್ತಾ ಕೂತರೆ ಮರೆಯುವ ಸಂದರ್ಭಗಳು ಜಾಸ್ತಿಯಾಗುತ್ತವೆ. ತಾನಾಗಿ ನವೀಕರಣ ಆಗುವ ಹಾಗೆ ಈಗಲೇ ಮಾಡಿ.

ಪಾಳಿ ಒಪ್ಪಿಸುವಾಗ ನೋಟ್‌ಬುಕ್ ಇಟ್ಟುಕೊಂಡು ಹದಿನೈದು ನಿಮಿಷ ಮಾತಾಡಿ: ಏನು ಇನ್ನೂ ಬಾಕಿ ಇದೆ, ಯಾವುದು ಮತ್ತೆ ಬರಬಹುದು. ಜೊತೆಗೆ ಆ ವಾರದ ಅಲರ್ಟ್‌ಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದೊಂದನ್ನು ಸರಿಪಡಿಸಲು ಮುಂದಿನ ವಾರದ ಕೆಲಸದ ಪಟ್ಟಿಯಲ್ಲಿ ಜಾಗ ಮಾಡಿಸಿ. ವಾರಕ್ಕೆ ಒಂದು ಸಾಕು.

8. ಪಾಳಿ ಮುಗಿದ ಮೇಲೆ ಮುಗಿಯಲಿ

ಒಪ್ಪಿಸಿದ ತಕ್ಷಣ ಆ ರಿಂಗ್‌ಟೋನ್ ತೆಗೆಯಿರಿ. ಬ್ಯಾಗು ಮೇಲಿಡಿ. ನಮ್ಮ ಮನೆಯಲ್ಲಿ ಅವತ್ತು ಸಂಜೆ ಮಗಳು ಕ್ಯಾಲೆಂಡರಿನ ಕೆಂಪು ಗೆರೆಯ ಮೇಲೆ ಅಡ್ಡ ಗೀಟು ಹಾಕುತ್ತಾಳೆ, ನಾವು ಫೋನ್ ಬಿಟ್ಟು ಹೊರಗೆ ಹೋಗುತ್ತೇವೆ. ಬದಲಿ ರಜೆ ಇದ್ದರೆ ಕೂಡಿಡಬೇಡಿ, ಅದೇ ವಾರ ತೆಗೆದುಕೊಳ್ಳಿ.

ಪಾಳಿಗೆ ಹಣ ಕೊಡುವ ಪದ್ಧತಿ ಇಲ್ಲದಿದ್ದರೆ ಕೇಳಿ. ಕೇಳುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. "ತುಂಬಾ ಕಷ್ಟ ಆಗ್ತಿದೆ" ಅಂದರೆ ಮ್ಯಾನೇಜರ್ ಸಮಾಧಾನ ಹೇಳಿ ಕಳಿಸಬಹುದು. "ಮೂರು ತಿಂಗಳಲ್ಲಿ ಇಷ್ಟು ರಾತ್ರಿ ಎದ್ದಿದ್ದೇನೆ, ಅದರಲ್ಲಿ ಇಷ್ಟಕ್ಕೆ ಏಳುವ ಅಗತ್ಯ ಇರಲಿಲ್ಲ, ಇದನ್ನು ಸರಿಪಡಿಸಲು ಇಷ್ಟು ದಿನ ಬೇಕು" ಅಂದರೆ ಅವರೂ ಅದನ್ನು ಮೇಲಿನವರಿಗೆ ತೋರಿಸಬಹುದು. ಮನೆಯಲ್ಲಿ ಹೊಸ ಮಗು, ಕಾಯಿಲೆಯವರು, ನಿಮ್ಮದೇ ಆರೋಗ್ಯ, ಹೀಗೇನಾದರೂ ಇದ್ದರೆ ಕೆಲವು ತಿಂಗಳು ಪಾಳಿಯಿಂದ ಬಿಡಿ ಅಂತ ನೇರವಾಗಿ ಕೇಳಿ. ಹಗಲಿನ ಬೇರೆ ಕೆಲಸ ಜಾಸ್ತಿ ತೆಗೆದುಕೊಳ್ಳುತ್ತೇನೆ ಅಂತ ಹೇಳಿದರೆ ಸಾಮಾನ್ಯವಾಗಿ ತಂಡ ಒಪ್ಪುತ್ತದೆ.

ಇಷ್ಟೆಲ್ಲ ಮಾಡಿ, ಲೆಕ್ಕ ಮುಂದಿಟ್ಟು, ತಿಂಗಳುಗಟ್ಟಲೆ ಕಾದರೂ ಏನೂ ಬದಲಾಗದಿದ್ದರೆ ಬೇರೆ ತಂಡ ಹುಡುಕಿ. ಇಂಟರ್‌ವ್ಯೂನಲ್ಲಿ ನಿಮಗೂ ಪ್ರಶ್ನೆ ಕೇಳುವ ಅವಕಾಶ ಬರುತ್ತದೆ. ಪಾಳಿಯಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ನಿಮಿಷದಲ್ಲಿ ಕೂರಬೇಕು, ರಾತ್ರಿ ಎದ್ದರೆ ಮರುದಿನ ಏನು ವ್ಯವಸ್ಥೆ ಅಂತ ಕೇಳಿ. "ಕಳೆದ ತಿಂಗಳು ರಾತ್ರಿ ಎಷ್ಟು ಸಲ ಎದ್ದಿರಿ?" ಅನ್ನುವ ಪ್ರಶ್ನೆಯನ್ನು ಮಾತ್ರ ಮ್ಯಾನೇಜರಿಗೆ ಕೇಳಬೇಡಿ, ಈಗ ಆ ಪಾಳಿ ಮಾಡುತ್ತಿರುವವರಿಗೇ ಕೇಳಿ.